ಮೊದಲ ಬಹುಮಾನ ತಡೆಹಿಡಿಯಲಾಗಿದೆ

ಎರಲ್ ಪೆಂಗಿಲಿ ನಮ್ಮೂರಿನ ಬೇಸಿಗೆಗೆ ತೀರ್ಪುಗಾರ. ಆ ಹುದ್ದೆಗೆ ಅವನನ್ನು ಯಾರೂ ನೇಮಿಸಿರಲಿಲ್ಲ. ಹಾಗಾಗಿ ತೆಗೆದುಹಾಕಲೂ ಯಾರಿಗೂ ಆಗಲಿಲ್ಲ. ಪೋರ್ಟ್ ಮೆರಿನ್‌ನಲ್ಲಿ ನನ್ನ ಬೇಕರಿಯ ಮುಂದೆ ಒಂದು ಮರದ ಬೆಂಚು ಇದೆ. ಬಸ್ಸಿಗೆ ಕಾಯುವವರಿಗೆಂದು ಹಾಕಿದ್ದು. ಬಸ್ಸು ಸೋಮವಾರ ಮತ್ತು ಶುಕ್ರವಾರ ಮಾತ್ರ ಬರುತ್ತದೆ. ಎರಲ್ ದಿನವೂ ಬರುತ್ತಿದ್ದ. ನಾನು ಬಾಗಿಲು ತೆರೆಯುವ ಹೊತ್ತಿಗೆ ಕೂತು, ಮೂಗನ್ನು ಸಮುದ್ರದ ಕಡೆಗೊಮ್ಮೆ, ಗೋಧಿ ಬಯಲಿನ ಕಡೆಗೊಮ್ಮೆ ತಿರುಗಿಸಿ ಆ ದಿನ ಹೇಗಿರಬೇಕೆಂದು ಗೊತ್ತುಮಾಡುತ್ತಿದ್ದ. ಹೇಗಿರುತ್ತದೆ ಎಂದಲ್ಲ, ಹೇಗಿರಬೇಕು ಎಂದು. ದಿನ ಬೇರೆ ಥರ ನಡೆದುಕೊಂಡರೆ ತಪ್ಪು ದಿನದ್ದು.

ದಕ್ಷಿಣ ಆಸ್ಟ್ರೇಲಿಯಾದ ಈ ಕರಾವಳಿಯ ಬೇಸಿಗೆಗೆ ನಿಯತ್ತು ಎಂಬುದಿಲ್ಲ. ಬಡಗಣ ಗಾಳಿ ಬೀಸಿದರೆ ಮರಳುಗಾಡಿನ ಕಾವು ಮನೆಯೊಳಗೇ ಬಂದು ಕೂರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಅದೇ ದಿನ ಮಧ್ಯಾಹ್ನ ಗಾಳಿ ನೈರುತ್ಯಕ್ಕೆ ತಿರುಗಿತೋ, ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಉಣ್ಣೆಯ ಅಂಗಿ ಹುಡುಕಬೇಕು. ಗಾಳಿ ಯಾವಾಗ ತಿರುಗುತ್ತದೆ ಎಂಬುದರ ಮೇಲೆ ಬಟ್ಟೆ ಒಗೆಯುವುದು, ಬಾರ್ಲಿ ಕೊಯ್ಯುವುದು, ಗಂಡಹೆಂಡಿರು ಜಗಳ ನಿಲ್ಲಿಸುವುದು ಎಲ್ಲವೂ ನಿಂತಿದೆ. ಎರಲ್ ಹೇಳಿದ ಹೊತ್ತಿಗೆ ಅದು ತಿರುಗಿದ್ದು ಅಪರೂಪ. ಆದರೂ ಜನ ಅವನನ್ನೇ ಕೇಳುತ್ತಿದ್ದರು. ರೇಡಿಯೋದವನು ತಪ್ಪಿದರೆ ಬೈಯಲು ಅಡಿಲೇಡ್‌ವರೆಗೆ ಹೋಗಬೇಕು. ಎರಲ್ ಬೆಂಚಿನ ಮೇಲೇ ಸಿಗುತ್ತಿದ್ದ.

ಅವನು ದುಡಿದದ್ದು ಬಂದರಿನ ದೊಡ್ಡ ಸಿಮೆಂಟು ಕಣಜದಲ್ಲಿ. ರೈತರು ಗೋಧಿ ತುಂಬಿದ ಲಾರಿ ತಂದು ನಿಲ್ಲಿಸಿದರೆ, ಇವನು ಮೇಲೆ ಹತ್ತಿ ಉದ್ದನೆಯ ಕೊಳವೆಯನ್ನು ರಾಶಿಗೆ ಚುಚ್ಚಿ, ಬಂದ ಹಿಡಿ ಕಾಳನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, "ಎರಡನೇ ದರ್ಜೆ" ಎನ್ನುತ್ತಿದ್ದ. ವರ್ಷವಿಡೀ ದುಡಿದ ರೈತ ಕೆಳಗೆ ಟೋಪಿ ಹಿಡಿದು ನಿಂತಿರುತ್ತಿದ್ದ. ಹಾಗೆ ಮೇಲಿನಿಂದ ಕೆಳಗೆ ನೋಡಿ ಅಭ್ಯಾಸವಾದ ಮನುಷ್ಯನಿಗೆ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದರೆ ಏನು ಮಾಡಿಯಾನು? ಲಾರಿಗಳು ನಿಂತವು, ಆಕಾಶ ಮಾತ್ರ ದಿನಾ ಬಂದು ನಿಲ್ಲುತ್ತಿತ್ತು. ಅದಕ್ಕೇ ಕೊಳವೆ ಚುಚ್ಚಿದ.

"ಈಗಿನವು ಬೇಸಿಗೆಗಳೇ ಅಲ್ಲ ನಾರೆಲ್," ಎನ್ನುತ್ತಿದ್ದ ನನಗೆ, ನನ್ನದೇ ಅಂಗಡಿಯ ಮಾಂಸದ ಪೈ ಕಚ್ಚುತ್ತ. "ನಂಗೆ ಹತ್ತೊಂಬತ್ತು ವರ್ಷ ಆಗಿದ್ದಾಗ ಒಂದು ಬೇಸಿಗೆ ಬಂದಿತ್ತು ನೋಡು. ಮೂರು ದಿನ ಬಡಗಣ ಗಾಳಿ, ನಾಲ್ಕನೇ ದಿನ ಮಧ್ಯಾಹ್ನ ಗಾಳಿ ತಿರುಗೋದು, ಎರಡು ದಿನ ತಂಪು, ಮತ್ತೆ ಮೊದಲಿಂದ. ಡಿಸೆಂಬರಿಂದ ಫೆಬ್ರವರಿ ಮುಗಿಯೋ ತನಕ ಒಂದು ಹನಿ ಮಳೆ ಇಲ್ಲ. ಗಡಿಯಾರ ಇಟ್ಟ ಹಾಗೆ."

"ಆಗ ನಿನ್ನ ಹತ್ರ ಗಡಿಯಾರ ಇತ್ತಾ?"

"ಯಾಕೆ ಬೇಕು? ಬೇಸಿಗೆನೇ ಗಡಿಯಾರ ಆಗಿತ್ತು."

ಇವನು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಒಂದು ಬೇಸಿಗೆಯೇ ಸರಿಯಾದ ಬೇಸಿಗೆ. ಆಮೇಲೆ ಬಂದವೆಲ್ಲ ಕಲಬೆರಕೆ. ಆ ಬೇಸಿಗೆಯಲ್ಲೇ ಅವನು ಡಲ್ಸಿಯನ್ನು ಕಂಡದ್ದು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನು ಮಾತ್ರ ಆ ವಿಷಯವನ್ನು ಗಾಳಿಯ ದಿಕ್ಕೆಲ್ಲ ಹೇಳಿ ಮುಗಿಸಿದ ಮೇಲೆ ಹೇಳುತ್ತಿದ್ದ.

ವರ್ಷಕ್ಕೊಮ್ಮೆ, ಫೆಬ್ರವರಿಯ ಕೊನೆಯ ಭಾನುವಾರ, ಬೌಲಿಂಗ್ ಕ್ಲಬ್ಬಿನಲ್ಲಿ ತೀರ್ಪು. ಅಲ್ಲಿ ಉಳಿದ ದಿನಗಳಲ್ಲಿ ಬಿಳಿ ಬಟ್ಟೆ ತೊಟ್ಟ ಮುದುಕರು ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಾರೆ. ಆವತ್ತು ಕೆಂಡದ ಮೇಲೆ ಸಾಸೇಜ್ ಹುರಿಯುತ್ತ ಬೇಸಿಗೆಯ ವಿಚಾರಣೆ ನಡೆಸುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷ ಗಸ್ ಓಬ್ಸ್ಟ್, ಬಾರ್ಲಿ ಬೆಳೆಯುವವನು, ದೇಹ ದೊಡ್ಡದು, ಧೈರ್ಯ ಸಣ್ಣದು, ತಟ್ಟೆಗೆ ಚಮಚ ಬಡಿಯುತ್ತಿದ್ದ. ಎರಲ್ ಎದ್ದು ಕೆಮ್ಮಿ, ಬೇಸಿಗೆಯ ಒಂದೊಂದು ತಪ್ಪನ್ನೂ ಹೇಳುತ್ತಿದ್ದ. ಕೊನೆಗೆ ನಮ್ಮ ಕೃಷಿ ಮೇಳದ ತೀರ್ಪುಗಾರರು ಹೇಳುವ ಮಾತನ್ನೇ ಎತ್ತಿಕೊಳ್ಳುತ್ತಿದ್ದ. ಮೇಳದಲ್ಲಿ ಕುರಿಯಾಗಲಿ, ಕುಂಬಳವಾಗಲಿ, ಕೇಕಾಗಲಿ ಯಾವುದೂ ಯೋಗ್ಯವಲ್ಲ ಅನ್ನಿಸಿದರೆ ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಯಾರಿಗೂ ಕೊಡದೆ ಮಡಚಿಡುವ ಹಕ್ಕು ತೀರ್ಪುಗಾರರಿಗೆ ಇದೆ. ಎರಲ್ "ಈ ವರ್ಷ..." ಎಂದು ನಿಲ್ಲಿಸಿದರೆ ಸಾಕು, ಇಡೀ ಊರು ಬಿಯರ್ ಎತ್ತಿ ಒಟ್ಟಿಗೆ ಕೂಗುತ್ತಿತ್ತು: "ಮೊದಲ ಬಹುಮಾನ ತಡೆಹಿಡಿಯಲಾಗಿದೆ!"

ಆ ಕೂಗಿಗೆ ದನಿಗೂಡಿಸದೆ ಇರುತ್ತಿದ್ದವಳು ಡಲ್ಸಿ ಒಬ್ಬಳೇ. ಅವನ ಹೆಂಡತಿ.

ಡಲ್ಸಿ ನಿಜವಾದ ತೀರ್ಪುಗಾರ್ತಿ. ಸುತ್ತಲಿನ ಮೇಳಗಳಲ್ಲೆಲ್ಲ ಸ್ಪಂಜ್ ಕೇಕಿನ ಮೇಜಿಗೆ ಅವಳೇ. ಬೇಯಿಸಿದ ಕೇಕನ್ನು ಆರಿಸಲು ತಂತಿಜಾಲರಿಯ ಮೇಲೆ ಮಗುಚುತ್ತೇವಲ್ಲ, ಅದರ ಗೆರೆ ಕೇಕಿನ ನೆತ್ತಿಯ ಮೇಲೆ ಮೂಡಿದ್ದರೆ ಮುಗಿಯಿತು, ರುಚಿ ಕೂಡ ನೋಡದೆ ಪಕ್ಕಕ್ಕೆ ಸರಿಸುತ್ತಾಳೆ. ನಾನು ಹೊಟ್ಟೆಪಾಡಿಗೆ ಕೇಕು ಬೇಯಿಸುವವಳು. ನನ್ನದನ್ನೂ ಒಂದು ವರ್ಷ ಹಾಗೇ ಸರಿಸಿದಳು. ವಾರಗಟ್ಟಲೆ ಅವಳಿಗೆ ಬ್ರೆಡ್ಡು ಕೊಡುವಾಗ ಮುಖ ಗಂಟು ಹಾಕಿಕೊಂಡಿದ್ದೆ. ಅವಳು ನಗುತ್ತ, "ಕೇಕು ಚೆನ್ನಾಗಿತ್ತು ಕಣೆ, ಗೆರೆ ಇತ್ತು," ಎಂದು ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಅಂಥವಳ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲು ಸಾಧ್ಯ?

ಅವಳ ಹೃದಯ ಸರಿಯಿರಲಿಲ್ಲ. ಧಗೆಯ ದಿನ ಕಾಲು ಊದಿಕೊಳ್ಳುತ್ತಿತ್ತು, ನನ್ನ ಅಂಗಡಿಯ ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ತಂಪಾದ ಕಡೆಗೆ ಹೋಗಿ ಎಂದು ಡಾಕ್ಟರು ಹೇಳಿ ಕೆಲವು ವರ್ಷಗಳೇ ಆಗಿದ್ದವು. ಸಮುದ್ರದಾಚೆ ಟಾಸ್ಮೇನಿಯಾದಲ್ಲಿ ಅವಳ ತಂಗಿ ಮರ್ಲ್ ಇದ್ದಾಳೆ. ಪಕ್ಕದಲ್ಲೇ ಅವಳದೇ ಒಂದು ಸಣ್ಣ ಮನೆ ಖಾಲಿ ಇತ್ತು. ಅಕ್ಕನಿಗಾಗಿ ಅದನ್ನು ಯಾರಿಗೂ ಕೊಡದೆ ಇಟ್ಟಿದ್ದಳು. ಹೋಗೋಣ ಎಂದು ಡಲ್ಸಿ ಕೇಳಿದಾಗ ಎರಲ್ ಇಲ್ಲವೆನ್ನಲಿಲ್ಲ. ಇಲ್ಲವೆನ್ನುವುದಕ್ಕಿಂತ ಹೊಲಸಾದ ಒಂದು ಮಾತು ಹೇಳಿದ.

"ಒಂದೇ ಒಂದು ಸರಿಯಾದ ಬೇಸಿಗೆ ನೋಡಿಬಿಡ್ತೀನಿ ಡಲ್ಸ್. ಅದಕ್ಕೆ ನೀಲಿ ರಿಬ್ಬನ್ ಕಟ್ಟಿ, ಮಾರನೇ ದಿನಾನೇ ಹೊರಟುಬಿಡೋಣ. ಮಾತು ಕೊಡ್ತೀನಿ."

ಅಂದಿನಿಂದ ಪ್ರತಿ ಫೆಬ್ರವರಿಯೂ ಊರು ಬಿಯರ್ ಎತ್ತಿ ಕೂಗುತ್ತಿತ್ತು, ಡಲ್ಸಿ ತಟ್ಟೆಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. "ಅವನನ್ನ ಬಿಟ್ಟು ನೀನೊಬ್ಬಳೇ ಹೋಗು ಮಾರಾಯ್ತಿ," ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಮಾತು ಕೊಟ್ಟಿದಾನಲ್ಲ," ಎನ್ನುತ್ತಿದ್ದಳು. "ಅಲ್ಲದೆ ಅವನಿಗೆ ಮೊಟ್ಟೆ ಬೇಯಿಸೋಕೂ ಬರಲ್ಲ ನಾರೆಲ್."

ಹೋದ ಬೇಸಿಗೆಯಷ್ಟು ತಲೆಕೆಟ್ಟ ಬೇಸಿಗೆಯನ್ನು ನಾನಂತೂ ಕಂಡಿಲ್ಲ. ನವೆಂಬರಿನಲ್ಲಿ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಕೆರೆದವರು ಮಧ್ಯಾಹ್ನ ಅದೇ ಕಾರಿನ ಸೀಟಿಗೆ ತೊಡೆ ಅಂಟಿಸಿಕೊಂಡರು. ಗಸ್ ಬಾರ್ಲಿ ಕೊಯ್ಯಲು ಯಂತ್ರ ಇಳಿಸಿದರೆ ಮಳೆ, ಯಂತ್ರ ಒಳಗಿಟ್ಟರೆ ಬಿಸಿಲು. ಕೊನೆಗೆ ಅವನು ಬೇಕರಿಗೆ ಬಂದು, "ಒಳಗಿಡ್ತೀನಿ ಅಂತ ಜೋರಾಗಿ ಹೇಳ್ಕೊಂಡು ಹೊರಗೇ ಇಡ್ತೀನಿ, ಆಕಾಶ ಮೋಸ ಹೋಗುತ್ತೇನೋ ನೋಡೋಣ," ಎಂದ. ಬೆಂಚಿನ ಮೇಲೆ ಎರಲ್‌ಗೆ ಮಾತ್ರ ಹಬ್ಬ. ತಪ್ಪು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಎಲ್ಲಿ ಸಿಗಬೇಕು?

ಕ್ರಿಸ್‌ಮಸ್‌ನ ಹಿಂದಿನ ದಿನ ಆಲಿಕಲ್ಲು ಬಿತ್ತು. ನನ್ನ ಕಿಟಕಿಯ ಮುಂದಿನ ಹೂಕುಂಡಗಳು ಬೆಳ್ಳಗಾದವು. ಡಲ್ಸಿ ಮರುದಿನದ ಊಟಕ್ಕೆ ತಣ್ಣನೆಯ ಹಂದಿಮಾಂಸ, ಬೇಯಿಸಿ ಆರಿಸಿದ ಸೀಗಡಿ, ಹಸಿ ತರಕಾರಿ ಎಂದು ಎಲ್ಲ ಸಿದ್ಧಮಾಡಿದ್ದಳು. ಇಲ್ಲಿ ಬುದ್ಧಿ ಇರುವವರು ಕ್ರಿಸ್‌ಮಸ್‌ಗೆ ಒಲೆ ಹಚ್ಚುವುದಿಲ್ಲ. ಎರಲ್ ಮೂಗು ಎತ್ತಿ ನೋಡಿದ. ಗಾಳಿ ತೆಂಕಣದ್ದು, ಮೂರು ದಿನ ಕದಲುವುದಿಲ್ಲ ಎಂದು ತೀರ್ಮಾನಿಸಿದ.

"ಇದು ತಂಗಳು ತಿನ್ನೋ ಹವೆಯಲ್ಲ ಡಲ್ಸ್. ಅಮ್ಮ ಮಾಡ್ತಿದ್ದ ಹಾಗೆ ಕುರಿಯ ತೊಡೆ ಬೇಯಿಸು, ಆಲೂಗಡ್ಡೆ ಹುರಿ, ಪುಡ್ಡಿಂಗ್ ಕುದಿಸು. ಗಸ್‌ನೂ ಕರೀತೀನಿ. ನಾಳೆ ಸ್ವೆಟರ್ ಹಾಕ್ಕೊಂಡು ಕ್ರಿಸ್‌ಮಸ್ ಊಟ!"

ಕ್ರಿಸ್‌ಮಸ್ ದಿನ ಬೆಳಿಗ್ಗೆಯೇ ಬಡಗಣ ಗಾಳಿ. ಮಧ್ಯಾಹ್ನಕ್ಕೆ ನಲವತ್ತೆರಡು ಡಿಗ್ರಿ. ಅಡುಗೆಮನೆಯಲ್ಲಿ ಒಲೆ, ಒಲೆಯೊಳಗೆ ಕುರಿಯ ತೊಡೆ, ಒಲೆಯ ಮೇಲೆ ಗಂಟೆಗಟ್ಟಲೆ ಕುದಿಯುವ ಪುಡ್ಡಿಂಗು, ಅದರ ಮುಂದೆ ಡಲ್ಸಿ. ಹೊರಗೆ ಜಗಲಿಯಲ್ಲಿ ಎರಲ್ ನೀಲಿ ಸ್ವೆಟರ್ ತೊಟ್ಟು ಕೂತಿದ್ದನಂತೆ. ಹೇಳಿದ ಮೇಲೆ ತೆಗೆಯುವುದು ಹೇಗೆ? "ಇನ್ನೇನು, ಗಾಳಿ ತಿರುಗುತ್ತೆ," ಎಂದು ಗಸ್‌ಗೆ ಹೇಳುತ್ತಿದ್ದಾಗ ಒಳಗೆ ಸಾರಿನ ಜಗ್ಗು ಒಡೆದ ಸದ್ದಾಯಿತು. ಗಸ್ ಅವಳನ್ನು ಎತ್ತಿಕೊಂಡು ಕಾರಿಗೆ ಹಾಕಿದ. ಪಕ್ಕದೂರಿನ ಆಸ್ಪತ್ರೆಯಲ್ಲಿ ಹೊಸ ವರ್ಷದವರೆಗೆ ಮಲಗಿದಳು. "ಮುಂದಿನ ಡಿಸೆಂಬರ್ ನೀವು ಈ ಊರಲ್ಲಿ ಇರಕೂಡದು," ಎಂದರು ಡಾಕ್ಟರು. "ಇದ್ರೆ ಆಮೇಲೆ ನಾನು ಹೇಳೋದೇನೂ ಉಳಿಯಲ್ಲ."

ಎರಲ್ ಮರುವಾರ ಬೆಂಚಿಗೆ ಬಂದ. ಮುಖ ಬಾಡಿತ್ತು, ಅದು ನಿಜ. ರಾತ್ರಿ ನಿದ್ದೆ ಮಾಡಿದವನ ಹಾಗೆ ಕಾಣಲಿಲ್ಲ. ಅಯ್ಯೋ ಪಾಪ ಎಂದುಕೊಂಡು ಬಿಸಿ ಪೈ ಕೊಟ್ಟೆ. ಅದನ್ನು ತಿಂದು, ಬಾಯಿ ಒರೆಸಿಕೊಂಡು ಹೇಳಿದ:

"ಅವಳು ಬಿಸಿಲಿಗೆ ಬಿದ್ದಿದ್ದಲ್ಲ ನಾರೆಲ್, ಒಲೆ ಶಾಖಕ್ಕೆ. ಒಲೆ ಬೇಸಿಗೆ ಲೆಕ್ಕಕ್ಕೆ ಬರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಬ್ರೆಡ್ಡಿನ ತಗಡು ಇತ್ತು. ಅದರಿಂದ ಅವನ ನೆತ್ತಿಯ ಮೇಲೂ ಒಂದು ಗೆರೆ ಮೂಡಿಸೋಣ ಅನ್ನಿಸಿತು. "ಒಲೆ ಹಚ್ಚು ಅಂದಿದ್ದು ಯಾರು?" ಎಂದೆ. "ಹವೆ ಮೋಸ ಮಾಡ್ತು," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮವನಿಗೆ ಆಕಾಶವೇ ಡೊಂಕು.

ಜನವರಿ ಪೂರ್ತಿ ಚಳಿ. ರಜೆಗೆ ಬಂದ ಅಡಿಲೇಡ್‌ನ ಮಂದಿ ಕಂಬಳಿ ಹೊದ್ದುಕೊಂಡು ಸಮುದ್ರ ನೋಡಿ ಹಣ ವಾಪಸು ಕೇಳಿದರು. ಫೆಬ್ರವರಿಯ ಮೊದಲ ವಾರ ಒಂದು ದಿನ ನಲವತ್ತನಾಲ್ಕು ಡಿಗ್ರಿ, ಮರುದಿನ ಸುರಿದ ಮಳೆಗೆ ಬೌಲಿಂಗ್ ಕ್ಲಬ್ಬಿನ ಹುಲ್ಲಿನ ಮೇಲೆ ಬಾತುಕೋಳಿಗಳು ಈಜಿದವು. ಆ ಮಳೆಯಲ್ಲೇ ಡಲ್ಸಿ ಛತ್ರಿ ಹಿಡಿದು ಅಂಗಡಿಗೆ ಬಂದಳು. ಮಳೆ ಬರುವುದಿಲ್ಲ ಎಂದು ತಾನೇ ಹೇಳಿದ್ದರಿಂದ ಎರಲ್ ಛತ್ರಿ ತಂದಿರಲಿಲ್ಲ. ಬೆಂಚಿನ ಮೇಲೆ ಗಂಭೀರವಾಗಿ ನೆನೆಯುತ್ತ ಕೂತಿದ್ದ.

"ಮರ್ಲ್ ಫೋನ್ ಮಾಡಿದ್ಲು," ಎಂದಳು ಡಲ್ಸಿ, ಗೋಡೆ ಹಿಡಿದು ಉಸಿರು ತೆಗೆದುಕೊಂಡು. "ಮಾರ್ಚ್ ಮುಗಿಯೋದ್ರೊಳಗೆ ಬರದಿದ್ರೆ ಮನೆ ಬೇರೆಯವರಿಗೆ ಕೊಡ್ತಾಳಂತೆ. ಅವಳ ತಪ್ಪಿಲ್ಲ ಬಿಡು. ಎಷ್ಟು ವರ್ಷ ಖಾಲಿ ಇಟ್ಕೋತಾಳೆ?"

"ಹಾಗಿದ್ರೆ ಈ ಸಲ ಅವನ ಕೈಲಿ ರಿಬ್ಬನ್ ಕೊಡಿಸ್ಲೇಬೇಕು."

ಕಿಟಕಿಯಾಚೆ ನೆನೆಯುತ್ತಿದ್ದ ಗಂಡನನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. "ಈ ಬೇಸಿಗೆಗಾ?" ಎಂದು ನಕ್ಕಳು. ನಗು ಕೆಮ್ಮಾಯಿತು.

ನಾನು ಬಿಡಲಿಲ್ಲ. ಗಸ್‌ನನ್ನೂ ಎಳೆದುಕೊಂಡು ಹೊರಗೆ ಹೋದೆ.

"ಎರಲ್, ಈ ವರ್ಷದ್ದು ಒಂಥರಾ ಒಳ್ಳೆ ಬೇಸಿಗೆನೇ ಅಲ್ವಾ?" ಎಂದು ಗಸ್ ಶುರುಮಾಡಿದ, ಟೋಪಿಯಿಂದ ನೀರು ಇಳಿಯುತ್ತಿತ್ತು. "ಎಲ್ಲಾ ಥರದ್ದೂ ಸಿಕ್ತು ನಮಗೆ."

"ನಿನ್ನ ಬಾರ್ಲಿ ಏನಾಯ್ತು?"

"ಮೊಳಕೆ ಬಂತು."

"ಮತ್ತೆ?"

"ಹಸುಗಳಿಗೆ ತುಂಬಾ ಇಷ್ಟ ಆಯ್ತು," ಎಂದ ಗಸ್, ಬಡಪಾಯಿ.

ನಾನು ನೇರವಾಗಿ ಹೇಳಿದೆ. "ನೋಡು, ಡಲ್ಸಿಗೆ ಇನ್ನೊಂದು ಬೇಸಿಗೆ ತಡ್ಕೊಳ್ಳೋ ಶಕ್ತಿ ಇಲ್ಲ. ಸುಮ್ನೆ ಒಂದು ರಿಬ್ಬನ್ ಕಟ್ಟಿ ಹೊರಟುಬಿಡು. ಯಾರು ಕೇಳ್ತಾರೆ ನಿನ್ನ?"

ಎರಲ್ ನನ್ನನ್ನು ಲಾರಿಯ ಮೇಲಿನಿಂದ ರೈತರನ್ನು ನೋಡುತ್ತಿದ್ದ ಹಾಗೆ ನೋಡಿದ. "ಸುಳ್ಳು ದರ್ಜೆ ಬರೀ ಅಂತೀಯಾ? ಕೆಟ್ಟ ಕಾಳಿಗೆ ಒಂದು ಸಲನೂ ಒಳ್ಳೇ ದರ್ಜೆ ಕೊಟ್ಟವನಲ್ಲ ನಾನು. ಮುಂದಿನ ವರ್ಷ ಖಂಡಿತ ಸರಿಯಾಗುತ್ತೆ. ಲಕ್ಷಣ ಇದೆ. ನನ್ನ ಮೊಣಕಾಲು ಹೇಳ್ತಿದೆ." ಮುಂದಿನ ವರ್ಷ ಎನ್ನುವಾಗ ಅವನ ದನಿ ಸ್ವಲ್ಪ ಸಣ್ಣದಾಯಿತು. ಟಾಸ್ಮೇನಿಯಾದಲ್ಲಿ ಅವನಿಗೆ ಬೆಂಚು ಇರಲಿಲ್ಲ, ಕೇಳುವವರು ಇರಲಿಲ್ಲ. ಅವನಿಗಿದ್ದ ಭಯ ಅದು. ಅದನ್ನು ಹೇಳಿಕೊಂಡಿದ್ದರೆ ಅರ್ಧ ಕ್ಷಮಿಸುತ್ತಿದ್ದೆ.

ಫೆಬ್ರವರಿಯ ಕೊನೆಯ ಭಾನುವಾರ ಬಂತು. ಆ ಒಂದು ದಿನದಲ್ಲೇ ಬೇಸಿಗೆ ತನ್ನ ಸಾಮಾನನ್ನೆಲ್ಲ ಬಿಚ್ಚಿ ತೋರಿಸಿತು. ಬೆಳಿಗ್ಗೆ ಸಮುದ್ರದ ಮಂಜಿನಲ್ಲಿ ಬಂದರಿನ ಕಣಜವೇ ಕಾಣಲಿಲ್ಲ. ಹತ್ತು ಗಂಟೆಗೆ ಸೆಕೆ. ಸಾಸೇಜ್ ಕೆಂಡದ ಮೇಲೆ ಬೀಳುವಷ್ಟರಲ್ಲಿ ಬಡಗಣ ಗಾಳಿ ಎದ್ದು ಕಾಗದದ ತಟ್ಟೆಗಳನ್ನೆಲ್ಲ ಬೇಲಿಗೆ ಅಂಟಿಸಿತು. ಗಸ್ ಕಣ್ಣಿಗೆ ಬೂದಿ ಬಿದ್ದು ಕುಣಿದ. "ಸಂಜೆ ತನಕ ಗಾಳಿ ತಿರುಗಲ್ಲ," ಎಂದ ಎರಲ್. ಅವನ ಬಾಯಿ ಮುಚ್ಚುವುದರೊಳಗೆ ತಿರುಗಿತು. ಆಕಾಶ ಕಪ್ಪಾಗಿ, ಕಡಲೆಕಾಳಿನಷ್ಟು ದಪ್ಪ ಆಲಿಕಲ್ಲು ಸಾಸೇಜಿನ ಮೇಲೆ ಚಟಪಟ ಬೀಳತೊಡಗಿತು. ಇಡೀ ಊರು ತಟ್ಟೆ, ಬಿಯರ್, ಮಕ್ಕಳನ್ನು ಎತ್ತಿಕೊಂಡು ಕ್ಲಬ್ಬಿನ ತಗಡಿನ ಮಾಡಿನ ಕೆಳಗೆ ನುಗ್ಗಿತು.

ಸದ್ದು ನಿಂತ ಮೇಲೆ ಗಸ್ ಚಮಚ ಬಡಿದ. ಎರಲ್ ಎದ್ದ. ಅಂಗಿ ಒದ್ದೆ, ಕೂದಲಲ್ಲಿ ಇನ್ನೂ ಕರಗದ ಒಂದು ಆಲಿಕಲ್ಲು. ನವೆಂಬರಿನಿಂದ ಶುರುಮಾಡಿ ಒಂದೊಂದೇ ಅಪರಾಧ ಓದಿದ. ಕ್ರಿಸ್‌ಮಸ್ ಬಂದಾಗ, "ಒಂದು ಅಡ್ಡಾದಿಡ್ಡಿ ದಿನ," ಎಂದು ದಾಟಿಸಿದ. ಡಲ್ಸಿ ಈ ಸಲ ತಟ್ಟೆ ಒಟ್ಟುಮಾಡಲಿಲ್ಲ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎಲ್ಲಾ ನೋಡಿ, ಅಳೆದು, ಆ ಹಳೇ ಬೇಸಿಗೆ ಪಕ್ಕದಲ್ಲಿಟ್ಟು ನೋಡಿದ್ರೆ," ಎಂದ ಎರಲ್, "ಈ ವರ್ಷ..."

ಬಿಯರುಗಳು ಮೇಲೆದ್ದವು. "ಮೊದಲ ಬಹುಮಾನ..." ಎಂದು ಊರು ಬಾಯಿ ತೆರೆಯಿತು. ಆಗ ಡಲ್ಸಿ ಎದ್ದು ನಿಂತಳು. ಹಿಂದಿನಿಂದ ಒಂದೆರಡು ದನಿ "ತಡೆಹಿಡಿ..." ಎಂದು ಅಲ್ಲೇ ಸತ್ತವು.

"ಕೃಷಿ ಮೇಳದ ಮೊದಲ ನಿಯಮ ಏನು ಎರಲ್?" ಎಂದಳು. ದನಿ ಮೆಲ್ಲಗೆ ಇತ್ತು, ಆದರೆ ಕೇಕಿನ ಮೇಜಿನ ಹಿಂದೆ ನಿಂತಾಗಿನ ದನಿ ಅದು.

"ಕೂತ್ಕೋ ಡಲ್ಸ್, ನಿಂತ್ರೆ ಆಯಾಸ ಆಗುತ್ತೆ."

"ತಟ್ಟೆಲಿ ಏನಿದೆಯೋ ಅದನ್ನ ನೋಡಿ ತೀರ್ಪು ಕೊಡ್ಬೇಕು. ಹೋದ ವರ್ಷ ತಿಂದ ಕೇಕಿನ ನೆನಪಿಗೆ ಅಲ್ಲ. ನಾನು ಹೊಸ ತೀರ್ಪುಗಾರ್ತಿಯರಿಗೆ ಹೇಳ್ಕೊಡೋದೇ ಅದು. ನೀನು ಇಷ್ಟು ವರ್ಷ ತಟ್ಟೆ ಕಡೆ ನೋಡ್ಲೇ ಇಲ್ಲ. ಆ ಒಂದು ಬೇಸಿಗೆ ಹಿಡ್ಕೊಂಡಿದೀಯ."

"ಅದು ಸರಿಯಾದ ಬೇಸಿಗೆ ಆಗಿತ್ತು! ನೀನೂ ಇದ್ದೆಯಲ್ಲ!"

"ಇದ್ದೆ. ಅದಕ್ಕೇ ಹೇಳ್ತಿರೋದು. ಆ ಬೇಸಿಗೆ ಪೂರ್ತಿ ಮಳೆ ಬಂದಿತ್ತು ಎರಲ್."

ಎರಲ್ ನಗಲು ನೋಡಿದ. "ಒಂದು ಹನೀನೂ ಇರ್ಲಿಲ್ಲ," ಎಂದ.

"ಆಗ ಕಣಜ ಇನ್ನೂ ಕಟ್ಟಿರ್ಲಿಲ್ಲ, ಗೋಧಿ ಮೂಟೆಗಳನ್ನ ಬಂದರಲ್ಲಿ ಗುಡ್ಡೆ ಹಾಕ್ತಿದ್ರು. ನೆನೆದು ಮೂಟೆ ಒಳಗೇ ಮೊಳಕೆ ಒಡೀತು, ಗೋಣಿ ತೂತಿಂದ ಹಸಿರು ಹೊರಗೆ ಬಂದಿತ್ತು. ಆ ಗೋಧಿ ಹಿಟ್ಟಲ್ಲಿ ಊರಲ್ಲಿ ಯಾರ ಸ್ಪಂಜೂ ಮೇಲೇಳಲಿಲ್ಲ. ಮಾರ್ಚ್‌ನ ಮೇಳಕ್ಕೆ ನಮ್ಮಮ್ಮನ ಕೇಕಿನ ಡಬ್ಬ ಹೊತ್ಕೊಂಡು ಬಂದವನು ನೀನೇ. ಅಮ್ಮನದೂ ಅಂಟು ಅಂಟು, ಎಲ್ಲರದೂ ಅಂಟು ಅಂಟು. ಮೊದಲ ಬಹುಮಾನ ತಡೆಹಿಡಿದ್ರು. ಆ ಮಾತು ನೀನು ಕಲಿತಿದ್ದೇ ಅಲ್ಲಿ."

ಎರಲ್ ಕೂದಲಿಗೆ ಕೈ ಹಾಕಿ ಕರಗುತ್ತಿದ್ದ ಆಲಿಕಲ್ಲನ್ನು ತೆಗೆದ.

"ಮೊದಲ ಸಲ ಕಂಡ ದಿನ ಮಳೆಗೆ ಓಡಿ ಹೋಗಿ ನಾವಿಬ್ರೂ ಮೂಟೆ ಮೇಲಿನ ತಾಡಪಾಲಿನ ಕೆಳಗೆ ನಿಂತಿದ್ವಿ. ಬಿಸಿಲಿದ್ದಿದ್ರೆ ನೀನು ನಿನ್ನ ಕೆಲಸಕ್ಕೆ, ನಾನು ನಮ್ಮನೆಗೆ ಹೋಗ್ತಿದ್ವಿ. ಮಾತೂ ಆಡ್ತಿರ್ಲಿಲ್ಲ." ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂದ್ರೆ, ಅಷ್ಟು ಮಳೆ ನಿಂಗೆ ಬಿಸಿಲಾಗಿ ಕಂಡಿದ್ದು ನನ್ನಿಂದ ಅಂತ ಖುಷಿ ಇತ್ತು ನಂಗೆ. ಹುಚ್ಚು ಖುಷಿ. ಆ ಖುಷಿಗೆ ಸಾಯೋ ಹಾಗಾಗಿದೀನಿ, ಇನ್ನು ಸಾಕು."

ಕೈಚೀಲ ತೆರೆದು ಮೇಳದ ನೀಲಿ ರಿಬ್ಬನ್ ಒಂದನ್ನು ತೆಗೆದಳು. ನಿಧಾನವಾಗಿ ಬಾಗಿಲವರೆಗೆ ನಡೆದು, ಜಗಲಿಯ ಕಂಬಕ್ಕೆ ಕಟ್ಟಿದಳು. ನೈರುತ್ಯದ ಗಾಳಿಗೆ ಅದು ಪಟಪಟನೆ ಬಡಿದುಕೊಂಡಿತು. ಹೊರಗೆ ಅಷ್ಟರಲ್ಲಿ ಮತ್ತೆ ಬಿಸಿಲು ಬಂದಿತ್ತು.

"ಏಳು ಬೀಳು ಜಾಸ್ತಿ, ಬೆಂದಿರೋದು ಒಂದೇ ಸಮ ಇಲ್ಲ. ಆದ್ರೆ ತಟ್ಟೆಲಿ ಇರೋದು ಇದೊಂದೇ," ಎಂದಳು. "ಮೊದಲ ಬಹುಮಾನ. ನೀನು ಮಾತು ಕೊಟ್ಟಿದ್ದೆ, ರಿಬ್ಬನ್ ಕಟ್ಟಿದ ಮಾರನೇ ದಿನ ಅಂತ. ನಾಳೆ ಸೋಮವಾರ, ಬಸ್ಸಿದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರತಿ ವರ್ಷ ಗಂಟಲು ಹರಿಯುವಂತೆ ಕೂಗಿದ ಊರು ಆವತ್ತು ಸಾಸೇಜಿನ ಕಡೆ ನೋಡುತ್ತ ನಿಂತಿತ್ತು. ಗಸ್ ಒಬ್ಬನೇ ಮೂಗು ಸೀನಿದ.

ಸೋಮವಾರ ಡಲ್ಸಿ ಒಂದೇ ಪೆಟ್ಟಿಗೆ ಹಿಡಿದು ಬಂದಳು. ಎರಲ್ ಬರಿಗೈಯಲ್ಲಿ ಹಿಂದೆ ಬಂದ. ಬಸ್ಸು ಬರುವವರೆಗೂ ಬೆಂಚಿನ ಪಕ್ಕ ನಿಂತು ಆಕಾಶ ನೋಡುತ್ತಿದ್ದ. "ಈ ಗಾಳಿಲಿ ವಿಮಾನ ಹತ್ತೋ ದಿನ ಅಲ್ಲ ಇದು ಡಲ್ಸ್," ಎಂದ. ಅವಳು ಅವನ ಅಂಗಿಯ ಗುಂಡಿ ಸರಿಮಾಡಿದಳು. "ಮೊಟ್ಟೆ ನೀರು ಕುದಿ ಬಂದ ಮೇಲೆ ಹಾಕು," ಎಂದು ಹೇಳಿ ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವನು ಕೂರಲಿಲ್ಲ. ನಾನು ಅಂದು ಅವನಿಗೆ ಪೈ ಕೊಡಲಿಲ್ಲ, ಕೊಡಬೇಕೆಂದು ಅನ್ನಿಸಲೂ ಇಲ್ಲ.

ಮಂಗಳವಾರ ಬೆಂಚಿನ ಮೇಲಿದ್ದ. ಜನ ಬಂದರು, ಬ್ರೆಡ್ಡು ಕೊಂಡರು, ಅವನ ಕಡೆ ನೋಡದೆ ಹೋದರು. ಊರಿಗೆ ನಾಚಿಕೆಯೂ ಗುಂಪಿನಲ್ಲೇ ಬರುತ್ತದೆ. ಗುರುವಾರ ಸಂಜೆ ನಾನು ಬಾಗಿಲು ಹಾಕುವಾಗ ಕರೆದ.

"ನಾರೆಲ್. ತಾಡಪಾಲು ಸೋರ್ತಿತ್ತು."

"ಯಾವ ತಾಡಪಾಲು?"

"ಅವಳ ಮೇಲೆ ಬೀಳ್ದೇ ಇರ್ಲಿ ಅಂತ ನಾನು ಸೋರೋ ಕಡೆ ನಿಂತಿದ್ದೆ. ಬೆನ್ನೆಲ್ಲ ಒದ್ದೆ ಆಗಿತ್ತು." ತನ್ನ ಬೆನ್ನನ್ನು ಕೈಯಿಂದ ಮುಟ್ಟಿ ನೋಡಿಕೊಂಡ. "ನಿಜ. ಮಳೆ ಬಂದಿತ್ತು."

ನಾನು ಬೀಗ ಹಾಕಿ ಅವನ ಪಕ್ಕ ಕೂತೆ. ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಕೂತೆ. ಅವನು, ಜೀವಮಾನದಲ್ಲಿ ಮೊದಲ ಸಲ, ಇನ್ನೊಬ್ಬರನ್ನು ಕೇಳಿದ:

"ಟಾಸ್ಮೇನಿಯಾದಲ್ಲಿ ನಾಳೆ ಹೇಗಿರುತ್ತೆ?"

"ಹೋಗಿ ನೋಡು," ಎಂದೆ.

ಶುಕ್ರವಾರ ಮಧ್ಯಾಹ್ನ, ಬಸ್ಸು ಹೋದ ಮೇಲೆ, ಎಲ್ಲಿಂದಲೋ ಬಂದು ಜೋರು ಮಳೆ ಹೊಡೆಯಿತು. ಊರಿನ ಹಿತ್ತಲುಗಳಲ್ಲಿ ಒಣಹಾಕಿದ್ದ ಬಟ್ಟೆಯೆಲ್ಲ ತೊಪ್ಪೆಯಾಯಿತು. ಎರಲ್ ಇದ್ದಾಗಲೂ ಹಾಗೇ ನೆನೆಯುತ್ತಿದ್ದವು. ಜನ ಒದ್ದೆ ಬಟ್ಟೆ ಹೊತ್ತುಕೊಂಡೇ ಬೇಕರಿಯವರೆಗೆ ಬಂದು, ಖಾಲಿ ಬೆಂಚನ್ನು ನೋಡಿ, ಯಾರನ್ನೂ ಬೈಯಲಾಗದೆ ವಾಪಸು ಹೋದರು.